ಅರವತ್ತರ ನಡುಕ

ಉಡಿಗಾಲದ ಮಾದಪ್ಪನವರ ಹಳೇ ಪಿಕಪ್‌ಗೆ ಒಂದು ವಿಚಿತ್ರ ರೋಗ ಹತ್ತಿಕೊಂಡಿತ್ತು. ವೇಗ ಐವತ್ತಿರುವವರೆಗೆ ಸಾಧು ಹಸು. ಅರವತ್ತು ಮುಟ್ಟಿತೋ, ಚಳಿಜ್ವರ ಬಂದವರ ಹಾಗೆ ಗಡಗಡ ನಡುಗುತ್ತಿತ್ತು. ಎಪ್ಪತ್ತು ದಾಟಿಸಿದರೆ ಏನೂ ಆಗೇ ಇಲ್ಲವೆಂಬಂತೆ ಮತ್ತೆ ಸುಮ್ಮನಾಗಿಬಿಡುತ್ತಿತ್ತು. ಆದರೆ ಸಸಿ ತುಂಬಿದ ಗಾಡಿಯನ್ನು ಎಪ್ಪತ್ತರ ಮೇಲೆ ಓಡಿಸುವವರು ಯಾರು?

ಓಡಿಸುತ್ತಿದ್ದವಳು ಸೊಸೆ ನಯನಾ. ಮಂಡಿನೋವು ಶುರುವಾದ ಮೇಲೆ ಮಾದಪ್ಪನವರು ಗಾಡಿಯ ಕೀಲಿಯನ್ನು ಮಗ ದಿಲೀಪನಿಗೆ ಕೊಡದೆ ಅವಳ ಕೈಗೇ ಕೊಟ್ಟಿದ್ದರು. ದಿಲೀಪ ಚಾಮರಾಜನಗರದ ಬ್ಯಾಂಕಿನಲ್ಲಿ ಕೆಲಸಕ್ಕಿದ್ದ. ರಿವರ್ಸ್ ಗೇರ್ ಹಾಕಬೇಕೆಂದರೆ ಅವನಿಗೆ ಬೆವರು ಕಿತ್ತುಕೊಳ್ಳುತ್ತಿತ್ತು. ನಯನಾ ತವರಿನಲ್ಲಿ ಟ್ರ್ಯಾಕ್ಟರ್ ಓಡಿಸಿ ಪಳಗಿದವಳು. ಮನೆಯ ನರ್ಸರಿಯಲ್ಲಿ ಬೆಳೆಸಿದ ಚೆಂಡುಹೂವಿನ ಸಸಿ, ಟೊಮೆಟೊ ಸಸಿಗಳನ್ನು ಟ್ರೇಗಳಲ್ಲಿ ಜೋಡಿಸಿಕೊಂಡು ಬೆಳಗ್ಗೆ ಬೆಳಗ್ಗೆಯೇ ಗುಂಡ್ಲುಪೇಟೆ ಕಡೆ ಹೊರಟುಬಿಡುತ್ತಿದ್ದಳು.

ಗುಂಡ್ಲುಪೇಟೆಯ ಪಕ್ಕದಲ್ಲೇ ಹೂವಿನ ಹೊಲ ಮಾಡಿಕೊಂಡಿದ್ದ ಚಿಕ್ಕಮಲ್ಲಮ್ಮ ಒಂದು ದಿನ ಟ್ರೇ ಇಳಿಸಿಕೊಳ್ಳುತ್ತ ಮುಖ ಸಿಂಡರಿಸಿದರು. ಅರ್ಧಕ್ಕರ್ಧ ಸಸಿಗಳು ಬೇರು ಸಡಿಲಗೊಂಡು ಅಡ್ಡ ಮಲಗಿದ್ದವು.

"ಏನಮ್ಮಿ, ಸಸಿ ತಂದಿದ್ದೀಯೋ, ಜರಡಿ ಆಡ್ಕೊಂಡ್ ಬಂದಿದ್ದೀಯೋ?"

ನಯನಾಳಿಗೆ ನಾಚಿಕೆಯಾಯಿತು. ಮನೆಗೆ ಬಂದವಳೇ ಮಾವನ ಮುಂದೆ ವಿಷಯ ಎತ್ತಿದಳು. ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಮಾದಪ್ಪನವರು ತಲೆಯನ್ನೂ ಎತ್ತಲಿಲ್ಲ.

"ಗಾಡಿಗೇನೂ ಆಗಿಲ್ಲ ಕಣವ್ವ. ನನ್ ಕೈಲಿದ್ದಾಗ ಒಂದ್ ದಿನಾನೂ ನಡುಗಿಲ್ಲ ಅದು. ಓಡ್ಸೋ ಕೈ ಸರೀಗಿರ್ಬೇಕು."

ಆ ಮಾತು ಅವಳಿಗೆ ಚುರ್ ಎಂದಿತು. ಮಾರನೆಯ ದಿನವೇ ಚಾಮರಾಜನಗರಕ್ಕೆ ಹೋಗಿ ನಾಲ್ಕೂ ಚಕ್ರಗಳ ಬ್ಯಾಲೆನ್ಸಿಂಗ್ ಮಾಡಿಸಿದಳು. ನಡುಕ ಹೋಗಲಿಲ್ಲ. ಮುಂದಿನ ಚಕ್ರ ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿಸಿದಳು. ನಡುಕ ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ. ಖಾಲಿ ರಸ್ತೆಯಲ್ಲಿ, ಗಾಡಿ ನಡುಗುತ್ತಿರುವಾಗಲೇ ನ್ಯೂಟ್ರಲ್‌ಗೆ ತಂದು ನೋಡಿದಳು. ಎಂಜಿನ್ ಸದ್ದು ಇಳಿಯಿತು, ನಡುಕ ಮಾತ್ರ ಹಾಗೇ ಇತ್ತು. ಅಂದರೆ ಎಂಜಿನ್ನಿನ ತಪ್ಪಲ್ಲ. ಸ್ಟೇರಿಂಗ್ ಅದುರುತ್ತಿಲ್ಲ. ಅದುರುವುದೆಲ್ಲ ಸೀಟು ಮತ್ತು ಕಾಲ ಕೆಳಗಿನ ತಗಡು. ಅಲ್ಲಿಗೆ ರೋಗ ಮುಂಭಾಗದ್ದಲ್ಲ, ನಡುವಿನದೋ ಹಿಂದಿನದೋ ಎಂಬಲ್ಲಿಗೆ ಬಂದು ನಿಂತಳು.

ಇದನ್ನೆಲ್ಲ ಹೇಳಿದರೆ ಮಾದಪ್ಪನವರು ನಕ್ಕರು. "ಕೀಲಿ ತತ್ತಾ ಇಲ್ಲಿ. ನಾ ಓಡಿಸ್ತೀನಿ, ನೀ ಪಕ್ದಲ್ ಕೂತ್ಕೊಂಡ್ ನೋಡು."

"ಮಂಡಿ ನೋವು ಅಂತಿದ್ರಲ್ಲ ಮಾವ?"

"ಮಂಡಿ ನಂದು. ನಿಂಗ್ಯಾಕೆ ಬಾ."

ತೆರಕಣಾಂಬಿ ದಾರಿಯಲ್ಲಿ ಮಾದಪ್ಪನವರು ಗಾಡಿ ಬಿಟ್ಟರು. ಬೆನ್ನು ನೆಟ್ಟಗೆ, ಎರಡೂ ಕೈ ಸ್ಟೇರಿಂಗ್ ಮೇಲೆ, ಮದುವಣಿಗನ ಗತ್ತು. ಸೂರ್ಯಕಾಂತಿ ಹೊಲಗಳು ನಿಧಾನಕ್ಕೆ ಹಿಂದೆ ಸರಿದವು. ನಿಜ, ಗಾಡಿ ಒಂದಿಷ್ಟೂ ನಡುಗಲಿಲ್ಲ.

"ನೋಡ್ದಾ?" ಎಂದರು, ಮೀಸೆಯಡಿಯಲ್ಲೇ ನಗುತ್ತ.

ನಯನಾಳ ಮುಖ ಸಣ್ಣಗಾಯಿತು. ಹಾಗಾದರೆ ತನ್ನ ಕೈಯೇ ಸರಿಯಿಲ್ಲವೇ? ಅಷ್ಟರಲ್ಲಿ ಹಿಂದಿನಿಂದ ಹಾರ್ನ್ ಹೊಡೆಯುತ್ತ ಒಂದು ಗೊಬ್ಬರದ ಟೆಂಪೊ ಅವರನ್ನು ದಾಟಿಕೊಂಡು ಹೋಯಿತು. ಅದರ ಬೆನ್ನಿಗೇ ಮೂವರನ್ನು ಕೂರಿಸಿಕೊಂಡ ಒಂದು ಮೊಪೆಡ್ಡೂ ದಾಟಿತು. ಅವಳು ಬಗ್ಗಿ ಮೀಟರ್ ನೋಡಿದಳು. ಮುಳ್ಳು ನಲವತ್ತರ ಹತ್ತಿರ ಹಾಯಾಗಿ ಕೂತಿತ್ತು.

"ಮಾವ, ಅರವತ್ತಕ್ಕೆ ಏರ್ಸಿ."

"ಅರವತ್ತಾ? ಯಾಕೆ, ಯಾರಾರ ಅಟ್ಟಿಸ್ಕೊಂಡ್ ಬತ್ತಾವ್ರಾ?"

"ಮಾವ, ನೀವು ಯಾವತ್ತಾದ್ರೂ ಅರವತ್ತರಲ್ಲಿ ಓಡಿಸಿದ್ದೀರಾ?"

ಮಾದಪ್ಪನವರು ಮೀಸೆ ತುರಿಸಿಕೊಂಡರು. "ಐವತ್ತು... ಒಂದ್ಸಾರಿ ಮುಟ್ಟಿದ್ದೆ ಕಣಮ್ಮಿ. ನಿಮ್ಮತ್ತೆಗೆ ಹೆರಿಗೆ ನೋವು ಬಂದಿತ್ತಲ್ಲ, ಆಗ. ಅದೂ ಬೇರೆ ಗಾಡಿ."

ನಯನಾಳಿಗೆ ನಗು ತಡೆಯಲಾಗಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ಭುಜ ಕುಣಿಯುತ್ತಿತ್ತು. ಮಾದಪ್ಪನವರಿಗೆ ರೋಷ ಬಂತು. ಹಲ್ಲು ಕಚ್ಚಿ ಆಕ್ಸಿಲರೇಟರ್ ತುಳಿದರು. ಐವತ್ತು, ಐವತ್ತೈದು. ಅರವತ್ತು ಮುಟ್ಟುತ್ತಲೇ ಸೀಟು ಗಡಗಡ ಎಂದಿತು, ಅವರ ಕನ್ನಡಕ ಮೂಗಿನ ಮೇಲಿಂದ ಜಾರಿ ಮಡಿಲಿಗೆ ಬಿತ್ತು.

"ಅಯ್ಯೋ ಶಿವನೇ!" ಎಂದು ಕಾಲು ತೆಗೆದರು. ಗಾಡಿ ಬದಿಗೆ ನಿಂತಿತು. ಅವರು ಮಡಿಲಿನ ಕನ್ನಡಕ ಎತ್ತಿ ಮತ್ತೆ ಮೂಗಿಗೇರಿಸಿಕೊಂಡರು.

"ನಿನ್ ಕೈ ಸರೀಗದೆ ಕಣವ್ವ," ಎಂದರು ಮಾದಪ್ಪನವರು ಕೊನೆಗೆ. "ಗಾಡೀದೇ ತಪ್ಪು."

ಊರಿಗೆ ಬಂದ ಮೇಲೆ ಅವರಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಚಕ್ರಗಳಿಗೆ ಕಲ್ಲು ಕೊಟ್ಟು, ಗೋಣಿಚೀಲ ಹಾಸಿ ಗಾಡಿಯಡಿಗೆ ನುಸುಳಿದರು. ಹೊರಗೆ ಕಾಣುತ್ತಿದ್ದದ್ದು ಎರಡು ಪಾದ ಮಾತ್ರ. ಸ್ವಲ್ಪ ಹೊತ್ತಿಗೆ ಕೂಗು ಬಂತು. "ನಯನಾ, ಬಾವ್ವ ಇಲ್ಲಿ! ಇದ್ನ ಇಡ್ಕೊಂಡ್ ಅಲ್ಲಾಡ್ಸು."

ನಯನಾ ಟಾರ್ಚ್ ಹಿಡಿದು ಪಕ್ಕದಲ್ಲಿ ಮಲಗಿ ಕೈ ಚಾಚಿದಳು. ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಉದ್ದನೆಯ ಶಾಫ್ಟು ನಡುಮಧ್ಯದಲ್ಲಿ ಒಂದು ಬೇರಿಂಗಿನಲ್ಲಿ ಕೂತಿತ್ತು. ಅದರ ಸುತ್ತ ಬಿಗಿಯಾಗಿರಬೇಕಾದ ರಬ್ಬರು ಹರಿದು ಜೋತಾಡುತ್ತಿತ್ತು. ಕೈಯಿಂದ ಎತ್ತಿದರೆ ಶಾಫ್ಟು ಮೇಲಕ್ಕೂ ಕೆಳಕ್ಕೂ ಲೊಟಲೊಟ ಆಡುತ್ತಿತ್ತು.

"ಇದೇ ಮಾವ! ಜೋರಾಗಿ ತಿರುಗುವಾಗ ಇದು ಚಾಟಿ ಥರ ಬಡ್ಕೋತದೆ."

"ಇದೇ ಕಣವ್ವ, ಇದೇ! ಕಳ್ಳ ಸಿಕ್ದ!"

ಅಡುಗೆಮನೆಯಿಂದ ಹೊರಬಂದ ಅತ್ತೆ ಶಾಂತಮಲ್ಲಮ್ಮ ಗಾಡಿಯಡಿಯ ನಾಲ್ಕು ಪಾದಗಳನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟರು. "ಮುದ್ದೆ ಆರೋಯ್ತಾ ಅದೆ. ಅಲ್ಲಿಗೇ ತಂದ್ಕೊಡ್ಲಾ?"

ಮರುದಿನ ಇಬ್ಬರೂ ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿರುವ ರವಿಕುಮಾರನ ಗ್ಯಾರೇಜಿಗೆ ಹೋದರು. ಅವನು ಕೆಳಗಿಳಿದು ನೋಡಿ, "ರಬ್ಬರ್ ಎಲ್ಲದೆ ಯಜಮಾನ್ರೆ? ಹಪ್ಪಳ ಆಗೋಗದೆ," ಎಂದ. ಬಿಚ್ಚುವ ಮೊದಲು ಶಾಫ್ಟಿನ ಜೋಡಣೆಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡ, ಬಿಚ್ಚಿದ ಹಾಗೆಯೇ ಕೂರಿಸಬೇಕಲ್ಲ. ಕುರ್ಚಿ ಕೊಟ್ಟರೂ ಮಾದಪ್ಪನವರು ಕೂರದೆ, ಮಂಡಿನೋವು ಮರೆತು ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತು, "ನಮ್ ಸೊಸೆ ಕಂಡಿಡ್ದಿದ್ದು, ಎಂಜಿನ್ ಅಲ್ಲ ಅಂತ ಮೊದ್ಲೇ ಯೋಳ್ಬುಟ್ಟಿದ್ಲು," ಎಂದು ಬಂದವರಿಗೆಲ್ಲ ಹೇಳಿದರು. ಟೀ ತಂದವನಿಗೂ ಹೇಳಿದರು.

ಹೊಸ ಬೇರಿಂಗು, ಹೊಸ ರಬ್ಬರು ಕೂತವು. ಹೊರಡುವಾಗ ಮಾವ ಕೇಳುವ ಮೊದಲೇ ನಯನಾ ಕೀಲಿಯನ್ನು ಅವರ ಕೈಗಿಟ್ಟಳು. ತೆರಕಣಾಂಬಿ ದಾಟಿದ ಮೇಲೆ ರಸ್ತೆ ಬಿಡುವಾಯಿತು. ಐವತ್ತು. ಅರವತ್ತು. ಮಾದಪ್ಪನವರು ಉಸಿರು ಬಿಗಿಹಿಡಿದಿದ್ದರು. ಗಾಡಿ ನೀರಿನ ಮೇಲಿನ ತೆಪ್ಪದ ಹಾಗೆ ತೇಲಿತು. ಅರವತ್ತೈದು. ಕಿಟಕಿಯಿಂದ ನುಗ್ಗಿದ ಗಾಳಿಗೆ ಅವರ ಹೆಗಲ ಟವೆಲ್ ಹಾರಿ ನಯನಾಳ ಮುಖಕ್ಕೆ ಬಡಿಯಿತು. ಅವಳು ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಬಾಗಿಲ ಹಿಡಿ ಭದ್ರ ಮಾಡಿಕೊಂಡಳು.

"ಮಾವ, ನಿಧಾನ... ಮಾವ! ನಮ್ಮೂರು ಹೋಯ್ತು!"

"ಓಗ್ಲಿ ಬುಡು," ಎಂದರು ಮಾದಪ್ಪನವರು, ಕಣ್ಣು ರಸ್ತೆಯಿಂದ ಕೀಳದೆ. "ಚಾಮರಾಜನಗರದಲ್ಲಿ ದೋಸೆ ತಿಂದ್ಕೊಂಡ್ ಬರನ."