ಮುಂದಿನ ಸಾಲಿನ ಗಂಟುಮೋರೆ

ಅಲೆಕ್ಸಾಂಡ್ರಿಯಾದ ಅನ್ಫೂಶಿ ಕೇರಿಯಲ್ಲಿ ಬಯೂಮಿ ಬಂದು ನಗಿಸದಿದ್ದರೆ ಅದು ಮದುವೆಯೇ ಅಲ್ಲ. ಬೇರೆ ನಗೆಗಾರರು ಟೋಪಿ ಓರೆ ಮಾಡುತ್ತಾರೆ, ಮೂತಿ ತಿರುಚುತ್ತಾರೆ. ಬಯೂಮಿಗೆ ಆ ಮಂಗಾಟವೆಲ್ಲ ಬೇಡ. ಕೈ ಹಿಂದೆ ಕಟ್ಟಿಕೊಂಡು, ಕಚೇರಿಯಲ್ಲಿ ದೂರು ಕೊಡಲು ನಿಂತವನ ಮುಖದಲ್ಲಿ ಮೆಲ್ಲಗೆ ಶುರುಮಾಡುತ್ತಾನೆ: "ನನ್ ಹೆಂಡ್ತಿ ಮೀನು ಹುರಿದ್ಲು. ಬೆಕ್ಕು ಬಂತು, ಮೂಸ್ತು. ನನ್ ಮುಖ ನೋಡಿ, 'ಅಯ್ಯೋ ಪಾಪ' ಅಂತ ಹೊರಟೋಯ್ತು." ಜನ ಬಿದ್ದು ಬಿದ್ದು ನಗುವಾಗ ಅವನೊಬ್ಬ ಕಣ್ಣು ಪಿಳಿಪಿಳಿ ಬಿಡುತ್ತಿರುತ್ತಾನೆ. ಪಕ್ಕದಲ್ಲಿ ಅಕಾರ್ಡಿಯನ್ ನುಡಿಸುವ ವಗ್ದಿಗೆ ಆ ಮಾತು ಬಾಯಿಪಾಠ. ಆದರೂ ಅಲ್ಲಿ ನಗು ತಡೆಯದೆ ಬೆರಳು ತಪ್ಪುತ್ತದೆ.

ನಗದವನು ಒಬ್ಬನೇ, ದೋಣಿ ಕಟ್ಟುವ ಹಾಜಿ ಸನೂಸಿ. ಪ್ರತಿ ಮದುವೆಯಲ್ಲೂ ಮುಂದಿನ ಸಾಲು, ಅದೇ ಗಂಟುಮೋರೆ. ಬಯೂಮಿ ಅವನಿಗೆಂದೇ ಹೊಸ ಹೊಸ ಮಾತು ಹೆಣೆಯುತ್ತಿದ್ದ. "ಇವತ್ತು ಈ ಮುದುಕನ್ನ ಕೆಡವ್ತೀನಿ ಕಣೋ" ಎಂದು ವೇದಿಕೆ ಹತ್ತಿ, ಸೋತು ಇಳಿಯುತ್ತಿದ್ದ.

ಹಾಜಿ ತೀರಿಹೋದ. ನಲವತ್ತು ದಿನದ ಶೋಕ ಮುಗಿಯುವ ಮೊದಲೇ ಎದುರುಮನೆಯಲ್ಲಿ ಮದುವೆ. ಸಾವಿನ ಮನೆಯವರು ಒಪ್ಪದೆ ಬೀದಿಯಲ್ಲಿ ಮೈಕು ಹಾಕುವಂತಿಲ್ಲ. ಕೇಳಲು ಹೊರಟ ಮದುಮಗನ ಅಪ್ಪ ಮೆಟ್ಟಿಲ ಬಳಿಯಿಂದಲೇ ಹಿಂದಿರುಗಿ, "ನೀನು ಬಾಯಿದ್ದವನು, ನೀನೇ ಕೇಳಪ್ಪ" ಎಂದು ಬಯೂಮಿಯನ್ನು ಅಟ್ಟಿದ.

"ಬೇಡ ಅಂದ್ರೆ ಒಳ್ಳೇದೇ ಆಯ್ತು," ಎಂದ ಬಯೂಮಿ, ಜೊತೆಗೆ ಬಂದ ವಗ್ದಿಗೆ, ಮೆಟ್ಟಿಲು ಹತ್ತುತ್ತ. "ಆ ಒಬ್ಬ ಮನುಷ್ಯನ್ನ ನಗಿಸೋಕಾಗ್ಲಿಲ್ಲ. ನಾನೆಂಥ ನಗೆಗಾರ? ಈ ಕೆಲಸ ಬಿಟ್ಬಿಡ್ತೀನಿ ವಗ್ದಿ."

ವಗ್ದಿಗೆ ಗೊತ್ತು, ಬಯೂಮಿ ಆಡಿದ ಮಾತು ತಪ್ಪುವವನಲ್ಲ.

ಹಾಜಿಯ ಹೆಂಡತಿ ತೌಹೀದಾ, ಸಾವಿನ ಮನೆಯ ವಾಡಿಕೆಯಂತೆ, ಸಕ್ಕರೆಯಿಲ್ಲದ ಕಾಫಿ ಕೊಟ್ಟಳು. ಬಯೂಮಿ ತೊದಲುತ್ತ ವಿಷಯ ಹೇಳಿದ.

"ನಿನ್ನಿಂದ ನನ್ ಬಾಳು ಹಾಳಾಯ್ತು ಕಣೋ," ಎಂದಳು ಅವಳು. "ಮೀನು ಹುರಿಯೋ ಹಾಗಿರ್ಲಿಲ್ಲ. ಬೆಕ್ಕನ್ನ ಎತ್ಕೊಂಡ್ಬಂದು 'ಮೂಸು, ನೋಡೋಣ' ಅನ್ನೋರು. ಆಮೇಲೆ ಕಣ್ಣಲ್ಲಿ ನೀರು ಬರೋ ಹಾಗೆ ನಗೋರು."

"ಹಾಜಿಯವ್ರು? ನಗ್ತಿದ್ರಾ, ಚಿಕ್ಕಮ್ಮ?"

"ನಗ್ದೆ! ಮದುವೆಯಿಂದ ಬಂದು ಬಾಗಿಲು ಹಾಕಿದ್ದೇ ತಡ, ಹೊಟ್ಟೆ ಹಿಡ್ಕೊಂಡು ಮಂಚದ ಮೇಲೆ ಉರುಳಾಡೋರು. ಅಲ್ಲೇ ನಗಬಾರ್ದಾ ಅಂದ್ರೆ, 'ನಾನೂ ನಕ್ಬಿಟ್ರೆ ಆ ಹುಡುಗ ಸೋಮಾರಿ ಆಗ್ತಾನೆ ಕಣೇ' ಅನ್ನೋರು."

ಬಯೂಮಿ ಆ ಕಹಿ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿದ.

"ಮೈಕು ಹಾಕ್ಲಿ," ಎಂದಳು ತೌಹೀದಾ. "ಹಾಡು ಬೇಡ. ನೀನು ಮಾತಾಡು, ಸಾಕು."

ಸಂಜೆ ಬಯೂಮಿ ಬೀದಿಯನ್ನೇ ಅಲ್ಲಾಡಿಸಿದ. ಅಂಥ ಸೊಗಸಾದ ಮಾತುಗಾರಿಕೆಯನ್ನು ವಗ್ದಿ ಎಂದೂ ಕೇಳಿರಲಿಲ್ಲ. ಮೇಲಿನ ಕಿಟಕಿಯಲ್ಲಿ ಕಪ್ಪು ಬಟ್ಟೆಯ ತೌಹೀದಾ ತುಟಿ ಬಿಗಿಹಿಡಿದು ಕೂತಿದ್ದಳು. ಬಯೂಮಿ ಕತ್ತೆತ್ತಿ ಅವಳಿಗೇ ಹೇಳತೊಡಗಿದ: "ಸತ್ಮೇಲೆ ಸ್ವರ್ಗದ ಬಾಗಿಲಿಗೆ ಹೋದೆ. ಕಾವಲಿನವನು ಕೇಳ್ದ, 'ಮದುವೆ ಆಗಿತ್ತಾ?' ಹೂಂ ಅಂದೆ. 'ಪಾಪ, ಒಳಗ್ ಬಾ' ಅಂದ. ನನ್ ಹಿಂದಿದ್ದೋನು 'ನಂದು ಎರಡು ಮದುವೆ' ಅಂದ. 'ಹೋಗೋ, ಇಲ್ಲಿ ದಡ್ಡರಿಗೆ ಜಾಗ ಇಲ್ಲ!'"

ಕಿಟಕಿ ಧಡಾರನೆ ಮುಚ್ಚಿತು.

ಮದುಮಗನ ಅಪ್ಪ ಮುಖ ಬಿಳಿಚಿಕೊಂಡು ಮೈಕು ಆರಿಸಲು ಓಡಿಬಂದ. ಬಯೂಮಿ ಅವನ ಕೈ ಹಿಡಿದುಕೊಂಡ.

"ತಡೀರಿ," ಎಂದ. ಅವನ ಕಣ್ಣು ತುಂಬಿತ್ತು. "ಅವ್ರು ನಗ್ತಿದಾರೆ."