ಅವೆ ಒಂದಿಷ್ಟು

"ನಿಜೂ ನಾನಾ, ನಿಜೂ ಹಾಚಿ, ನಿಜೂ ಕ್ಯೂ..."

ರೊಪ್ಪದ ಮುಳ್ಳುಬೇಲಿಯ ಸಂದಿನಿಂದ ಕುರಿಗಳು ಒಂದೊಂದಾಗಿ ಹೊರಗೆ ಬರುತ್ತಿದ್ದವು. ಜಯಶೀಲಾ ಗೂಟಕ್ಕೆ ಒರಗಿ ನಿಂತು, ಒಂದೊಂದು ಬೆನ್ನು ಸಂದು ದಾಟುವಾಗಲೂ ಒಂದೊಂದು ಜಪಾನಿ ಸಂಖ್ಯೆಯನ್ನು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದಳು. ಮಾರನೆಯ ದಿನ ಸೋಮವಾರ ಚಿತ್ರದುರ್ಗದ ಕಾಲೇಜಿನಲ್ಲಿ ಮೌಖಿಕ ಪರೀಕ್ಷೆ. ನೂರರವರೆಗಿನ ಸಂಖ್ಯೆಗಳು ಕೇಳಿದ ಕೂಡಲೇ ಬಾಯಿಗೆ ಬರಬೇಕೆಂದು ಮೇಡಂ ಹೇಳಿದ್ದರು. ಪುಸ್ತಕ ಮುಚ್ಚಿ ಕೂತರೆ ಹನ್ನೆರಡಕ್ಕೇ ತಡವರಿಸುತ್ತಿದ್ದಳು. ಕುರಿಗಳ ನಡಿಗೆಗೆ ಹೊಂದಿಸಿ ಹೇಳಿದರೆ ಒಂದೂ ತಪ್ಪುತ್ತಿರಲಿಲ್ಲ.

"ಏನವ್ವ ಅದು, ಮಣಮಣ ಅಂತೀಯ?" ಅಜ್ಜಿ ಓಬಕ್ಕ ಕಸಬರಿಗೆ ಹಿಡಿದು ಹಿಂದೆಯೇ ನಿಂತಿದ್ದಳು.

"ಪಾಠ ಅಜ್ಜಿ. ಜಪಾನಿನೋರ್ದು."

"ಕುರಿ ಮುಂದೆ ನಿಂತು ಹೇಳ್ತೀಯಲ್ಲ, ಮಂತ್ರ ಗಿಂತ್ರ ಏನು?"

"ಹ್ಞೂ... ಒಂಥರಾ ಹಂಗೇ."

"ಹಂಗಾರೆ ಹೇಳು, ಹೇಳು. ಯಾವ ದೇಶದ್ದಾದ್ರೇನು."

ಕೊನೆಯ ಮರಿ ಹಾರಿ ಹೊರಗೆ ಬಿದ್ದಾಗ ಅವಳು 'ರೊಕುಜೂ ಸಾನ್' ಎಂದು ನಿಲ್ಲಿಸಿದಳು. ಅದು ಕನ್ನಡದಲ್ಲಿ ಎಷ್ಟು ಎಂದು ಯೋಚಿಸಬಾರದೆಂದುಕೊಂಡಿದ್ದಳು. ನಲ್ಲಿಯ ಹತ್ತಿರ ಹೋಗಿ ಮುಖ ತೊಳೆಯುವಷ್ಟರಲ್ಲಿ ಅದು ತಾನಾಗಿಯೇ ಅರವತ್ತಮೂರು ಆಗಿ ಕೂತಿತ್ತು.

ಮತ್ತೋಡಿನ ಹತ್ತಿರದ ಆ ಹಟ್ಟಿಯಲ್ಲಿ ಯಾರೂ ಕುರಿ ಎಣಿಸುವುದಿಲ್ಲ. ಎಣಿಸಿದರೆ ಮಂದೆ ಉಳಿಯುವುದಿಲ್ಲ ಎಂಬ ಮಾತು. ಅಪ್ಪ ಕಾಟಲಿಂಗಪ್ಪ ಸಂಜೆ ಸಂದಿನ ಬಳಿ ನಿಂತು ಒಮ್ಮೆ ಕಣ್ಣಾಡಿಸಿ, "ಆ ಕಿವಿ ಹರ್ದಿದ್ದು ಕಾಣ್ತಿಲ್ಲ" ಎಂದು ಹುಡುಕಲು ಹೊರಡುತ್ತಿದ್ದ. ಲಸಿಕೆ ಹಾಕಲು ಬಂದವರು ಎಷ್ಟಿವೆ ಎಂದು ಕೇಳಿದರೆ "ಅವೆ ಒಂದಿಷ್ಟು" ಎನ್ನುತ್ತಿದ್ದ.

"ಒಂದಿಷ್ಟು ಅಂದ್ರೆ ನಾನೇನು ಬರ್ಕಳ್ಳಿ?"

"ನೀವು ಚುಚ್ಕಂತ ಹೋಗ್ರಿ, ನಿಮಗೇ ಗೊತ್ತಾಗ್ತದೆ. ನಂಗೆ ಮಾತ್ರ ಹೇಳ್ಬ್ಯಾಡ್ರಿ."

ತಾನು ಎಣಿಸಲಿಲ್ಲ, ಪಾಠ ಒಪ್ಪಿಸಿದೆ ಅಷ್ಟೇ ಎಂದು ಜಯಶೀಲಾ ಬಸ್ಸಿನಲ್ಲಿ ಕೂತು ಅಂದುಕೊಂಡಳು. ಹೊಸದುರ್ಗ ದಾಟಿದ ಮೇಲೆ ಎರಡಕ್ಕೂ ಏನು ವ್ಯತ್ಯಾಸವೆಂದು ತಿಳಿಯದಾಯಿತು. ಜಪಾನಿಯನ್ನು ಅವಳು ಕೇಳಿಕೊಂಡು ತೆಗೆದುಕೊಂಡದ್ದೂ ಅಲ್ಲ. ಮೂರನೇ ಭಾಷೆಯ ಕಾಲಂನಲ್ಲಿ ಹಿಂದಿ ಬರೆದಿದ್ದಳು, ಪಟ್ಟಿಯಲ್ಲಿ ಜಪಾನಿ ಬಂದಿತ್ತು. ಆಫೀಸಿನಲ್ಲಿ ಕೇಳಿದರೆ, "ಸೀಟು ಅದ್ರಾಗೇ ಇದ್ವು" ಎಂದಿದ್ದರು. ಹನ್ನೊಂದು ಮಂದಿಯ ಆ ತರಗತಿಯಲ್ಲಿ ಕಾಗದಕ್ಕೊಂದು ಎಣಿಕೆಯ ಪದ, ಪೆನ್ನಿಗೊಂದು, ಸಣ್ಣ ಪ್ರಾಣಿಗೊಂದು, ದೊಡ್ಡದಕ್ಕೊಂದು. "ಕುರಿ ಯಾವುದರಲ್ಲಿ ಬರ್ತದೆ ಮೇಡಂ?" ಎಂದು ಅವಳು ಕೇಳಿದ್ದಳು. ಮೀನಾಕ್ಷಿ ಮೇಡಂ ಯೋಚಿಸುವಷ್ಟರಲ್ಲಿ ಹಿಂದಿನ ಬೆಂಚಿನ ದುರುಗೇಶ, "ಟಗರಾದ್ರೆ ದೊಡ್ಡದು, ಮರಿಯಾದ್ರೆ ಸಣ್ಣದು, ಸಾರಾದ್ರೆ ಎಣಿಸೋದೇ ಬ್ಯಾಡ" ಎಂದು ಎಲ್ಲರನ್ನೂ ನಗಿಸಿದ್ದ.

ಪರೀಕ್ಷೆಯಲ್ಲಿ ಮೇಡಂ ಹೆಸರು ಕೇಳಿದರು, ಊರು ಕೇಳಿದರು. ಮನೆಯಲ್ಲಿ ಯಾವ ಪ್ರಾಣಿ ಇದೆ ಎಂದು ಜಪಾನಿಯಲ್ಲೇ ಕೇಳಿದಾಗ ಅವಳು 'ಹಿತ್ಸುಜಿ' ಎಂದಳು. ಕುರಿ. ಎಷ್ಟು ಎಂಬುದು ಮುಂದಿನ ಪ್ರಶ್ನೆ. ಉತ್ತರ ನಾಲಿಗೆಯ ತುದಿಯಲ್ಲಿತ್ತು.

"ತಾಕುಸಾನ್" ಎಂದಳು. ಬಹಳ.

"ಅದು ಸರಿ. ನಂಬರ್ ಹೇಳು" ಎಂದು ಮೇಡಂ ಕನ್ನಡಕ್ಕೆ ಬಂದರು.

"ಗೊತ್ತಿಲ್ಲ ಮೇಡಂ."

"ನಿಮ್ಮನೆ ಕುರಿ ಎಷ್ಟು ಅಂತ ನಿಂಗೇ ಗೊತ್ತಿಲ್ವ? ಸುಮ್ನೆ ಒಂದು ಸುಳ್ಳು ನಂಬರ್ರಾದ್ರೂ ಹೇಳಮ್ಮ."

ಕಡಿಮೆ ಹೇಳಿದರೆ ಅಷ್ಟೇ ಉಳಿದುಬಿಟ್ಟರೆ ಎಂದು ಅವಳಿಗೆ ಅನ್ನಿಸಿತು. ಹೆಚ್ಚು ಹೇಳಿದರೆ ದೃಷ್ಟಿ. ಮೇಡಂ ಹಾಳೆಯ ಮೇಲೆ ಏನೋ ಬರೆದುಕೊಂಡು, ಮುಂದಿನವರನ್ನು ಕರೆದರು.

ಗುರುವಾರ ಅಪ್ಪನ ಫೋನು ಬಂತು. ಎರಡು ಮರಿ ಹೋಗಿದ್ದವು. ಒಂದು ದೊಡ್ಡ ಕುರಿ ಮಲಗಿತ್ತು. ಮಳೆ ಬಿದ್ದು ಚಿಗುರಿದ ಎಳೇ ಹುಲ್ಲು ಮೇದು ಕರುಳು ಬೇನೆ ಬಂದಿದೆ ಎಂದು ಡಾಕ್ಟರು ಹೇಳಿದರಂತೆ. ಜಯಶೀಲಾ ಅದನ್ನು ನಂಬಿದಳು. ನಂಬಿಯೂ ಶನಿವಾರದವರೆಗೆ ಸರಿಯಾಗಿ ಉಣ್ಣಲಾರದೆ ಹೋದಳು.

ಊರಿಗೆ ಬಂದು ಬ್ಯಾಗು ಇಳಿಸುವ ಮೊದಲೇ ಓಬಕ್ಕ ಅವಳ ಕೈ ಹಿಡಿದು ರೊಪ್ಪಕ್ಕೆ ಕರೆದೊಯ್ದಳು. ಅಪ್ಪ ಮಂದೆ ಹೊಡೆದುಕೊಂಡು ಗುಡ್ಡದ ಕಡೆ ಹೋಗಿದ್ದ. ಮೂಲೆಯಲ್ಲಿ ಗೋಣಿಚೀಲದ ಮೇಲೆ ಆ ಕುರಿಯೊಂದೇ ಕತ್ತು ನೀಡಿಕೊಂಡು ಮಲಗಿತ್ತು.

"ನೀನು ಹೋದ್ಮ್ಯಾಲೆ ಮಂತ್ರ ಹೇಳೋರು ಇಲ್ದಂಗಾತು ನೋಡು. ಕುಂತ್ಕ. ಇದ್ರ ಮುಂದೆ ಹೇಳು."

ಜಯಶೀಲಾ ಕೂತಳು. ವಾರಗಳ ಹೆಸರು ಹೇಳಬಹುದಿತ್ತು. ನನ್ನ ಹೆಸರು ಜಯಶೀಲಾ, ನಾನು ವಿದ್ಯಾರ್ಥಿನಿ ಎಂದು ಜಪಾನಿಯಲ್ಲಿ ಹೇಳಿ ಎದ್ದುಬಿಡಬಹುದಿತ್ತು. ಅಜ್ಜಿಗೆ ತಿಳಿಯುತ್ತಿರಲಿಲ್ಲ. ಅಜ್ಜಿ ಆಗಲೇ ಕೈಮುಗಿದುಕೊಂಡಿದ್ದಳು.

"ಅಜ್ಜಿ, ಅದು ಮಂತ್ರ ಅಲ್ಲ."

"ಮತ್ತೇನು?"

"ಲೆಕ್ಕ. ಎಣಿಸ್ತಿದ್ದೆ. ಅವರ ಭಾಷೇಲಿ."

ಮುಗಿದ ಕೈ ಹಾಗೆಯೇ ನಿಂತಿತು. ಬೈಗುಳ ಬಂದರೆ ಹಗುರಾಗುತ್ತಿತ್ತು, ಬರಲಿಲ್ಲ.

"ಎಲ್ಲಾನೂ?"

"ಎಲ್ಲಾನೂ."

"ಮರಿಗಳ್ನೂ?"

"ಹ್ಞೂ."

ಓಬಕ್ಕ ಬೇಲಿಯಾಚೆಯ ದಾರಿಯನ್ನು ನೋಡಿದಳು. "ನಿಮ್ಮಪ್ಪಂಗೆ ಹೇಳೀಯೇನು?"

"ಇಲ್ಲ."

"ಹೇಳ್ಬ್ಯಾಡ."

ಅಜ್ಜಿ ಕೈಯನ್ನು ಕುರಿಯ ಹೊಟ್ಟೆಯ ಮೇಲಿಟ್ಟಳು. ಆಮೇಲೆ ತಲೆ ಎತ್ತದೆ ಕೇಳಿದಳು: "ಎಷ್ಟವೆ?"

ಜಯಶೀಲಾಳಿಗೆ ಅರ್ಥವಾಗಲಿಲ್ಲ. "ಏನಜ್ಜಿ?"

"ಎಷ್ಟವೆ ಅಂದೆ. ಈ ರೊಪ್ಪದ ಕಸ ಹೊಡೆಯಾಕೆ ಹತ್ತಿ ಐವತ್ತು ವರ್ಷಾತು. ಒಂದಿನಾನೂ ಕೇಳಿಲ್ಲ. ಕೇಳ್ಬೇಕು ಅನ್ನಿಸಿಲ್ಲ ಅಂತಲ್ಲ." ಸೆರಗನ್ನು ಬಾಯಿಗೆ ತಂದು, "ಕನ್ನಡದಾಗೆ ಬ್ಯಾಡ. ನಿನ್ ಪಾಠದಾಗೆ ಹೇಳು" ಎಂದಳು.

ಅರವತ್ತಮೂರರಲ್ಲಿ ಎರಡು ಕಳೆಯಬೇಕು. ಈ ಮಲಗಿದ್ದನ್ನು ಏನು ಮಾಡಬೇಕು? ಅವಳು ಕುರಿಯ ಮೂಗನ್ನೇ ನೋಡಿದಳು. ಉಸಿರು ನಿಂತಂತಿತ್ತು, ಮತ್ತೆ ಹೊರಗೆ ಬಂತು. ಅದನ್ನೂ ಸೇರಿಸಿ ಹೇಳಿದಳು.

"ರೊಕುಜೂ ಇಚಿ."

ಓಬಕ್ಕನ ತುಟಿಗಳು ಸದ್ದಿಲ್ಲದೆ ಎರಡು ಸಲ ಆಡಿದವು.

"ಬಾಳ ಆತೇನು?"

"ಬಾಳ ಅಜ್ಜಿ."

ಅಜ್ಜಿ ಚೊಂಬಿನಲ್ಲಿ ಬಟ್ಟೆ ಅದ್ದಿ, ಕುರಿಯ ದವಡೆ ಎತ್ತಿ ಹಿಡಿದು ಹಿಂಡಿದಳು. ನೀರು ಬಾಯಿಯ ಒಂದು ಬದಿಯಿಂದ ಗೋಣಿಯ ಮೇಲೆ ಇಳಿಯಿತು. ಆಮೇಲೆ ಕುರಿಯ ಗಂಟಲು ಒಮ್ಮೆ ಆಡಿತು.