ಆರಲು ಬಿಟ್ಟ ಕಂಚು

ಬೇಕರಿಯವನ ಹಿಟ್ಟು ನಾದುವ ಯಂತ್ರ ನಿಂತು ಎರಡು ದಿನವಾಗಿತ್ತು. ಒಳಗೆ ತಿರುಗುವ ದಂಡಕ್ಕೆ ಆಸರೆಯಾಗಿದ್ದ ಬಳೆಯಂಥ ಕಂಚಿನ ಬುಶ್ ಸವೆದು ಸೀಳಿಹೋಗಿತ್ತು. ಯಂತ್ರ ಮಾಡಿದ ಕಂಪನಿ ಮುಚ್ಚಿ ಯಾವ ಕಾಲವಾಯಿತೋ. ಗಂಡ ಹೆಂಡತಿ ಇಬ್ಬರೂ ಕೈಯಲ್ಲೇ ನಾದಿ ನಾದಿ ಮಣಿಕಟ್ಟು ಊದಿಸಿಕೊಂಡಿದ್ದರು. ಆಸ್ಪತ್ರೆಗೆ ದಿನಾ ಇನ್ನೂರು ಬ್ರೆಡ್ಡು ಕೊಡುವ ಮಾತಿತ್ತು. ಎರಡು ದಿನ ಅರ್ಧಂಬರ್ಧ ಕಳಿಸಿದ್ದಾಯಿತು. ಇವತ್ತು ರಾತ್ರಿ ಊಟದೊಳಗೆ ಪೂರ್ತಿ ಬಾರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಅಲ್ಲಿಯವರು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು.

ಬೆಳಿಗ್ಗೆಯೇ ಅವನು ಹಿಂದಿನ ಬೀದಿಯ ಅಂಚೆಯಣ್ಣನ ಮನೆಗೆ ಓಡಿದ. ಅಂಚೆಯಣ್ಣ ಮೂವತ್ತೈದು ವರ್ಷ ಕಾಗದ ಹಂಚಿದವನು. ಹಂಚಿ ಉಳಿದ ಹೊತ್ತೆಲ್ಲ ಹಿತ್ತಲ ಕೋಣೆಯಲ್ಲಿ, ಲೋಹ ಕಡೆಯುವ ಲೇತಿನ ಮುಂದೆ. ಗುಜರಿಯಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಆ ಲೇತನ್ನು ಮದುವೆಗೂ ಮುಂಚೆ ತಂದು, ಒಂದೊಂದೇ ತಿರುಪು ತಾನೇ ಮಾಡಿ ಎಬ್ಬಿಸಿದ್ದ. ಯಾರೂ ಕಲಿಸಿದ್ದಲ್ಲ. ಗೋಡೆಯ ಹಲಗೆ ಮೇಲೆ ಅವನೇ ಮಾಡಿದ ಅಂಗೈಯಗಲದ ಎಂಜಿನುಗಳು ಸಾಲಾಗಿ ಕೂತಿದ್ದವು; ಕೊಳವೆಗೆ ಬಾಯಿಟ್ಟು ಊದಿದರೆ ಚಕ್ರ ತಿರುಗುತ್ತಿತ್ತು.

"ಒಳಗಿದಾರೆ ಹೋಗಪ್ಪ," ಎಂದಳು ಅಂಚೆಯಣ್ಣನ ಹೆಂಡತಿ. "ಅವರ ಬನಿಯನ್ ಹಿಂಡಿದ್ರೆ ನಿನ್ನ ಯಂತ್ರಕ್ಕೆ ಒಂದು ವರ್ಷಕ್ಕಾಗೋಷ್ಟು ಎಣ್ಣೆ ಸಿಗುತ್ತೆ."

ಅಂಚೆಯಣ್ಣ ಬೇಕರಿಗೆ ಹೋಗಿ ಅಳತೆ ತೆಗೆದುಕೊಂಡು ಬಂದ. ಕಂಚಿನ ತುಂಡೊಂದನ್ನು ಲೇತಿಗೆ ಕಚ್ಚಿಸಿದ. ಉಳಿ ತಾಗಿದ್ದೇ ಹೊಂಬಣ್ಣದ ಚೂರು ಚಿಮ್ಮತೊಡಗಿತು.

"ಆಯ್ತಾ ಅಣ್ಣ?"

"ಆಗ್ತಾ ಇದೆ."

"ಆಗಲೇ ಹನ್ನೊಂದು ಗಂಟೆ."

"ನಮ್ಮನೇಲೂ ಗಡಿಯಾರ ಇದೆ ಕಣೋ."

ನಾಲ್ಕನೆಯ ಸಲ ಕೇಳಿದಾಗ ಅಂಚೆಯಣ್ಣ ಲೇತು ನಿಲ್ಲಿಸಿ, ಅಳೆದು, "ಸರಿಯಾಗಿದೆ, ನಡಿ," ಎಂದ. ಬೇಕರಿಯವನು ಬುಶ್ಶನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತ ಓಡಿದ, ಅಷ್ಟು ಬಿಸಿಯಿತ್ತು.

ಹಳೆಯ ಗ್ರೀಸೆಲ್ಲ ಒರೆಸಿ ಮುಗಿಸುವಷ್ಟರಲ್ಲಿ ಅದು ತಣ್ಣಗಾಗಿತ್ತು. ಮರದ ಸುತ್ತಿಗೆಯಿಂದ ಬಡಿದು ಕೂರಿಸಬೇಕಾದ ಬುಶ್ಶು ಬೆರಳಲ್ಲಿ ತಳ್ಳಿದರೇ ಒಳಗೆ ಜಾರಿತು.

ಅಂಚೆಯಣ್ಣನ ಮುಖ ಸಣ್ಣದಾಯಿತು. "ಬಿಸಿ ಇದ್ದಾಗ ಅಳೆದುಬಿಟ್ಟೆ. ಆರಿದ ಮೇಲೆ ಕೂದಲೆಳೆಯಷ್ಟು ಕುಗ್ಗಿದೆ."

"ಅವಸರ ಮಾಡಿದ್ದು ನಾನಲ್ವಾ ಅಣ್ಣ?"

"ಅವಸರ ನಿಂದು, ಅಳತೆ ನಂದು."

ಇಬ್ಬರೂ ಮರಳಿ ಬಂದರು. ಕೋಣೆಯಲ್ಲಿ ಬೇರೆ ಬಿಡಿ ಕಂಚಿರಲಿಲ್ಲ. ಅಂಚೆಯಣ್ಣ ಮೇಜಿನಡಿಯಿಂದ ಬಟ್ಟೆ ಸುತ್ತಿದ ಕಂಚಿನ ಗಟ್ಟಿಯೊಂದನ್ನು ಎಳೆದ. ಆರು ವರ್ಷದಿಂದ ಕಟ್ಟುತ್ತಿದ್ದ ದೊಡ್ಡ ಎಂಜಿನಿನ ಸಿಲಿಂಡರಿಗೆಂದು ಇಟ್ಟಿದ್ದು. ಬಾಗಿಲಲ್ಲಿದ್ದ ಹೆಂಡತಿ ಆ ಗಟ್ಟಿಯನ್ನೊಮ್ಮೆ ನೋಡಿ ನೀರು ತರಲು ಹೋದಳು.

"ಅದು ಬೇಡ ಅಣ್ಣ," ಎಂದ ಬೇಕರಿಯವನು.

"ನನ್ನ ಎಂಜಿನು ಓಡದಿದ್ರೆ ಯಾರೂ ಹಸ್ಕೊಂಡಿರಲ್ಲ."

ಈ ಸಲ ಸ್ವಲ್ಪ ದಪ್ಪ ಇರುವಾಗಲೇ ಲೇತು ನಿಲ್ಲಿಸಿ ಸ್ಟೂಲಿನ ಮೇಲೆ ಕೂತುಬಿಟ್ಟ. ಅರ್ಧ ಗಂಟೆ ಕಳೆಯಿತು. ನಡುವೆ ಒಮ್ಮೆ ಹಿಂಗೈ ತಾಗಿಸಿ ನೋಡಿ ಮತ್ತೆ ಕೂತ. ಬೇಕರಿಯವನು ಗಡಿಯಾರದ ಕಡೆ ಹೊರಳಿದ್ದ ಕಣ್ಣನ್ನು ಲೇತಿನತ್ತ ತಿರುಗಿಸಿಕೊಂಡ.

"ಬಿಸಿ ಬ್ರೆಡ್ಡಿಗೆ ಚಾಕು ಹಾಕಬೇಡಿ ಅಂತ ಗಿರಾಕಿಗಳಿಗೆ ನಾನೇ ದಿನಾ ಹೇಳ್ತೀನಿ," ಎಂದ ಮೆಲ್ಲಗೆ.

"ಮತ್ತೆ?" ಎಂದು ಅಂಚೆಯಣ್ಣ ನಕ್ಕ.

ಆರಿದ ಮೇಲೆ ಅಳೆದು, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಒಂದು ಪದರ ತೆಗೆದ. ಮತ್ತೆ ಅಳೆದ. ಬೇಕರಿಯಲ್ಲಿ ಸುತ್ತಿಗೆಯ ಪೆಟ್ಟಿಗೆ ಪೆಟ್ಟಿಗೆ ಬುಶ್ಶು ಬಿಗಿಯಾಗಿ ಇಳಿದು ಕೂತಿತು. ದಂಡ ಸೇರಿಸಿ ಸ್ವಿಚ್ಚು ಹಾಕಿದರೆ ಎರಡು ದಿನದ ಹಿಂದೆ ಕಿರುಚಾಡಿ ನಿಂತ ಯಂತ್ರ ಇದೇನಾ ಅನ್ನಿಸಬೇಕು, ಅಷ್ಟು ನಯವಾಗಿ ತಿರುಗಿತು.

ಗಂಟೆ ಎರಡೂ ಆಗಿರಲಿಲ್ಲ, ರಾತ್ರಿಯೊಳಗೆ ಇನ್ನೂರು ಬ್ರೆಡ್ಡು ಆಗುವಷ್ಟು ಹೊತ್ತಿತ್ತು. ಬೇಕರಿಯವನು ಮಾತ್ರ ಊದಿದ ಕೈಗಳನ್ನು ಜೋಡಿಸಿಕೊಂಡು ಅಂಚೆಯಣ್ಣನನ್ನೇ ನೋಡುತ್ತ ನಿಂತುಬಿಟ್ಟ.

"ಹಿಟ್ಟು ಸುರಿಯೋ ಪುಣ್ಯಾತ್ಮ," ಎಂದ ಅಂಚೆಯಣ್ಣ. "ನನ್ನ ಮುಖದಲ್ಲೇನು ಬ್ರೆಡ್ಡು ಬೇಯುತ್ತಾ?"